ಅವರ ಬನಕ್ಕೆ ಕಾಲಿಡುವಾಗ

ಎಲ್ಲರಿಗೂ ನಮಸ್ಕಾರ.

ಅಡಿಕೆ ಕೊಯ್ಲು ಮುಗಿಯುತ್ತಾ ಬಂತು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ಬ್ಯಾಂಕಾಕ್, ಬಾಲಿ, ಸಿಂಗಪುರ ಅಂತ ಹೊರಡುವ ಕಾಲ ಇದು. ಮುಂದಿನ ಸಾಲಿನಲ್ಲೇ ಟಿಕೆಟ್ ಮಾಡಿಸಿದವರು ಕಾಣುತ್ತಿದ್ದೀರಿ. ಸಂತೋಷ. ಹೋಗಬೇಕು, ನೋಡಬೇಕು. ಹೊರಡುವ ಮೊದಲು ಒಂದೆರಡು ಮಾತು ಕೇಳಿಸಿಕೊಳ್ಳಿ ಅಂತ ಬಂದಿದ್ದೇನೆ.

ಮಳೆಗಾಲದಲ್ಲಿ ಜೋಗಕ್ಕೆ, ಆಗುಂಬೆಗೆ, ಕೊಡಚಾದ್ರಿಗೆ ಬರುವವರನ್ನು ನಾವು ಎಷ್ಟು ಬೈಯುತ್ತೇವೆ! ಬಾಟಲಿ ಒಡೆದು ಹೋಗುತ್ತಾರೆ. ಕೇಳದೆ ತೋಟಕ್ಕೆ ನುಗ್ಗುತ್ತಾರೆ. ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಫೋಟೋ ತೆಗೆಯುತ್ತಾರೆ. ಬೈಯುವುದು ಸರಿಯೇ. ಆದರೆ ವಿಮಾನ ಹತ್ತಿದ ಮೇಲೆ ಆ ಪ್ರವಾಸಿಗರು ನಾವೇ ಅಲ್ವಾ? ಅವರನ್ನು ಅಳೆದ ಸೇರಿನಲ್ಲೇ ನಮ್ಮನ್ನೂ ಅಳೆದುಕೊಳ್ಳಬೇಕು. ನಾನು ಹೇಳಬೇಕಾದದ್ದು ಇದು.

ಮಲೇಷ್ಯಾದ ಸಬಾ ರಾಜ್ಯದಲ್ಲಿ ಕಿನಾಬಾಲು ಅಂತ ಒಂದು ಬೆಟ್ಟ ಇದೆ. ಎತ್ತರ 4,095 ಮೀಟರ್. ಅಲ್ಲಿಯ ಕಡಜಾನ್-ದುಸುನ್ ಜನರಿಗೆ ಅದು ತೀರಿಹೋದ ಹಿರಿಯರು ನೆಲೆಸಿರುವ ಜಾಗ. 2015ರ ಮೇ ಕೊನೆಯಲ್ಲಿ ಕೆಲವು ವಿದೇಶಿ ಪ್ರವಾಸಿಗರು ಮೇಲೆ ಹತ್ತಿ, ಬಟ್ಟೆ ಬಿಚ್ಚಿ ಫೋಟೋ ತೆಗೆಸಿಕೊಂಡರು. ಸುಮ್ನೆ ತಮಾಷೆಗೆ. ಜೂನ್ 5ರ ಬೆಳಿಗ್ಗೆ ಅಲ್ಲಿ ಭೂಕಂಪ ಆಯಿತು. ಬೆಟ್ಟದ ಮೇಲಿದ್ದ 18 ಜನ ಸತ್ತರು. ಸಿಂಗಪುರದಿಂದ ಬಂದಿದ್ದ ಶಾಲೆಯ ಮಕ್ಕಳು, ಅವರನ್ನು ಕರೆದುಕೊಂಡು ಹೋಗಿದ್ದ ಅದೇ ಊರಿನ ಗೈಡ್‌ಗಳು. ಬೆಟ್ಟ ಮುನಿಯಿತು ಅಂತ ಜನ ಹೇಳಿದರು. ನಾಲ್ವರು ಪ್ರವಾಸಿಗರನ್ನು ಹಿಡಿದು ಕೋರ್ಟಿಗೆ ತಂದರು. ತಲಾ ಮೂರು ದಿನ ಜೈಲು, 5,000 ರಿಂಗಿಟ್ ದಂಡ, ಆಮೇಲೆ ಗಡೀಪಾರು.

ಭೂಕಂಪಕ್ಕೂ ಫೋಟೋಕ್ಕೂ ಏನು ಸಂಬಂಧ ಅಂತ ಹಿಂದಿನ ಸಾಲಿನ ಹುಡುಗರು ಕೇಳುತ್ತೀರಿ. ಸಂಬಂಧ ಇಲ್ಲ. ನೆಲದೊಳಗಿನ ಬಿರುಕಿಗೆ ಯಾರ ಬಟ್ಟೆಯ ಲೆಕ್ಕವೂ ಗೊತ್ತಾಗುವುದಿಲ್ಲ. ಆದರೆ ನಿಮ್ಮ ಮನೆ ಹಿಂದಿನ ಚೌಡಿ ಬನ ನೆನಪು ಮಾಡಿಕೊಳ್ಳಿ. ಅಲ್ಲಿ ಒಣಗಿದ ಕೊಂಬೆಯನ್ನೂ ನಾವು ಸೌದೆಗೆ ತರುವುದಿಲ್ಲ. ಚಪ್ಪಲಿ ದರೆಯ ಆಚೆಗೇ ಬಿಡುತ್ತೇವೆ. ದೇವರನ್ನು ನಂಬದ ಮಗ ಕೂಡ ಅಲ್ಲಿ ದನಿ ತಗ್ಗಿಸುತ್ತಾನೆ. ಯಾರೋ ಬಂದು ಆ ಬನದಲ್ಲಿ ಬೆತ್ತಲೆ ನಿಂತು ನಕ್ಕರು ಅನ್ನಿ, ಮರುವಾರವೇ ಗುಡ್ಡ ಕುಸಿದು ಊರಿನ ಮಕ್ಕಳು ಹೋದರು ಅನ್ನಿ. ಊರಿನವರ ಹೊಟ್ಟೆಯ ಸಂಕಟ ಹೇಗಿರುತ್ತದೆ? ಕಿನಾಬಾಲುವಿನ ಜನರ ಸಂಕಟವೂ ಅದೇ. ಅಳೆಯುವ ಸೇರೂ ಅದೇ.

ಥಾಯ್ಲೆಂಡಿನಲ್ಲಿ ಚಂದದ ಮಗು ಕಂಡರೆ ತಲೆ ಸವರಬೇಡಿ. ಅವರಿಗೆ ತಲೆ ಪವಿತ್ರ. ಬುದ್ಧನ ಮೂರ್ತಿಯ ಕಡೆ ಕಾಲು ಚಾಚಬೇಡಿ. ಇದನ್ನು ನಮ್ಮ ಅಜ್ಜಿಯರೇ ಕಲಿಸಿದ್ದಾರೆ, ಕಷ್ಟವಿಲ್ಲ. ಅಲ್ಲಿಯ ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡಬೇಡಿ, ಮೊಬೈಲಿನಲ್ಲೂ ಬರೆಯಬೇಡಿ. ದಂಡ ಸಂಹಿತೆಯ 112ನೇ ಕಲಮಿನಲ್ಲಿ ಒಂದೊಂದು ಅಪರಾಧಕ್ಕೂ 3ರಿಂದ 15 ವರ್ಷ ಜೈಲು. ಶ್ರೀಲಂಕಾದಲ್ಲಿ ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ಬೇಡ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟಿಷ್ ಮಹಿಳೆಯೊಬ್ಬರನ್ನು ಅಲ್ಲಿಂದ ವಾಪಸ್ ಕಳಿಸಿದ್ದರು.

ಬಾಲಿಗೆ ಹೋಗುವವರು ಯುಗಾದಿಯ ಆಸುಪಾಸಿನ ದಿನ ನೋಡಿಕೊಳ್ಳಿ. ಅವರ ಹೊಸ ವರ್ಷ ನ್ಯೇಪಿ, ಶಕ ವರ್ಷದ ಲೆಕ್ಕದ್ದೇ. ಅವತ್ತು ಇಡೀ ದ್ವೀಪ 24 ಗಂಟೆ ಮೌನ. ವಿಮಾನ ನಿಲ್ದಾಣವೂ ಬಂದ್. ರಾತ್ರಿ ದೀಪ ಮರೆಮಾಡುತ್ತಾರೆ. ಪ್ರವಾಸಿಗರೂ ಹೋಟೆಲ್ ಬಿಟ್ಟು ಹೊರಗೆ ಬರುವಂತಿಲ್ಲ. ದುಡ್ಡು ಕೊಟ್ಟಿದ್ದೇವೆ ಅಂತ ಜಗಳ ಆಡಬೇಡಿ. ಆ ಕತ್ತಲಲ್ಲಿ ನಕ್ಷತ್ರ ನೋಡಿ, ಪುಣ್ಯ ಇದ್ದರೆ ಸಿಗುವಂಥದ್ದು ಅದು.

ಈಗ ನಮ್ಮ ಚೀಲದ ವಿಷಯ. ಇದು ಮಲೆನಾಡಿನವರು ಗಮನ ಕೊಟ್ಟು ಕೇಳಬೇಕಾದದ್ದು. ಪಾಯಸಕ್ಕೆ ಅಂತ ಗಸಗಸೆ ಕಟ್ಟಿ ದುಬೈಯ ಮಗಳ ಮನೆಗೆ ಒಯ್ಯಬೇಡಿ. ಅದು ಅಫೀಮಿನ ಗಿಡದ ಬೀಜ. ಅಲ್ಲಿ ನಿಷೇಧ, ಸಿಂಗಪುರದಲ್ಲೂ ನಿಷೇಧ. ವೀಳ್ಯದೆಲೆಯನ್ನೂ ದುಬೈ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ. ಕವಳ ಇಲ್ಲದೆ ನಾಲ್ಕು ದಿನ ಕಷ್ಟ, ಗೊತ್ತು. ಲವಂಗ ಬಾಯಿಗೆ ಹಾಕಿಕೊಳ್ಳಿ, ಸಾಕು. ಬೇರೆಯವರ ಪೊಟ್ಟಣವನ್ನಂತೂ ಮುಟ್ಟಲೇಬೇಡಿ. ಉಪ್ಪಿನಕಾಯಿ ಅಂತ ಹೇಳಿ ಕೊಟ್ಟರೂ, ಗುರುತಿನವರೇ ಕೊಟ್ಟರೂ ಬೇಡ. ಸಿಂಗಪುರದಲ್ಲಿ 15 ಗ್ರಾಂಗಿಂತ ಜಾಸ್ತಿ ಹೆರಾಯಿನ್ ಸಾಗಿಸಿದರೆ ಮರಣದಂಡನೆ ಇದೆ. ನಮ್ಮಲ್ಲಿ ಮುಲಾಜಿಗೆ ಕಟ್ಟುಬೀಳುವವರು ಜಾಸ್ತಿ. ಇಲ್ಲಿ ಮುಲಾಜು ಬೇಡ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವವರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಥಾಯ್ಲೆಂಡಿನಲ್ಲಿ ಅದು ನಡೆಯುತ್ತದೆ. ವಿಯೆಟ್ನಾಂ ಒಪ್ಪುವುದು 1968ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ ಪರವಾನಗಿಯನ್ನು, ನಮ್ಮದು 1949ರ ಒಪ್ಪಂದದ್ದು, ಹಾಗಾಗಿ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಬಿದ್ದು ಕಾಲು ಮುರಿದರೆ ವಿಮೆ ಕಂಪನಿ ಕೈ ಎತ್ತಬಹುದು. ಎಲ್ಲಿದ್ದರೂ ಹೆಲ್ಮೆಟ್ ಹಾಕಿ. ಸ್ಕೂಟರಿಗೆ ಒತ್ತೆಯಾಗಿ ಪಾಸ್‌ಪೋರ್ಟ್ ಕೊಡಬೇಡಿ. ಥಾಯ್ಲೆಂಡಿನ ಪ್ರವಾಸಿ ಪೊಲೀಸರ ನಂಬರ್ 1155. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ನಮ್ಮ ರಾಯಭಾರ ಕಚೇರಿ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ. ದೇವಸ್ಥಾನದ ಉಡುಪಿನ ಬಗ್ಗೆ ಹೇಳಬೇಕೆಂದಿದ್ದೆ, ಭುಜ, ಮೊಣಕಾಲು ಮುಚ್ಚಿದ್ದರೆ ಸಾಕು.

ಕೊನೆಯದು, ಇದನ್ನು ಹೇಳದೆ ಇಳಿಯಲಾರೆ. ಬ್ಯಾಂಕಾಕಿನಲ್ಲಿ ಕಂಪ್ಯೂಟರ್ ಕೆಲಸ, ಊಟ ವಸತಿ ಫ್ರೀ ಅಂತ ಮೆಸೇಜ್ ಬರುತ್ತದೆ. ಹುಡುಗರು ಪ್ರವಾಸಿ ಎಂಬ ಹೆಸರಿನಲ್ಲಿ ಇಳಿಯುತ್ತಾರೆ. ರಾತ್ರೋರಾತ್ರಿ ಗಡಿ ದಾಟಿಸಿ ಆನ್‌ಲೈನಿನಲ್ಲಿ ಜನರಿಗೆ ಮೋಸ ಮಾಡಿಸುವ ಮ್ಯಾನ್ಮಾರಿನ ಅಡ್ಡೆಗಳಿಗೆ ಸಾಗಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಇಂಥ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಗಡಿ ಊರು ಮೇ ಸೋಟ್‌ನಿಂದ ವಾಯುಪಡೆಯ ವಿಮಾನದಲ್ಲಿ ಕರೆತಂದರು. ಏಜೆಂಟ್ ನೋಂದಾಯಿತನೋ ಅಲ್ಲವೋ ಅಂತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನಿಮ್ಮ ಮನೆಯ ಹುಡುಗರಿಗೆ ಅಂಥ ಮೆಸೇಜ್ ಬಂದಿದ್ದರೆ ಡಿಲೀಟ್ ಮಾಡಬೇಡಿ, ನನಗೆ ತೋರಿಸಿ. ಕಾಫಿ ಕೊಡುವ ಟೇಬಲ್ ಹತ್ತಿರವೇ ನಿಂತಿರುತ್ತೇನೆ.