ಒಂದು ತಾಸು ಮೊದಲು ಹೇಳಿದ್ದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ರಾಯಚೂರು ಜಿಲ್ಲೆಯ ಒಂದು 33 ಕೆ.ವಿ. ಸಬ್‌ಸ್ಟೇಷನ್ನಿನಲ್ಲಿ ಆಪರೇಟರಾಗಿ ಬಹಳ ವರ್ಷ ಪಾಳಿ ಮಾಡಿದವನು. ತಾಸಿಗೊಮ್ಮೆ ವೋಲ್ಟೇಜು, ಆಂಪಿಯರು ನೋಡಿ ಲಾಗ್ ಪುಸ್ತಕದಲ್ಲಿ ಬರೆಯುವುದು, ಲೈನ್‌ಮನ್ ಕಂಬ ಹತ್ತುವಾಗ ಆ ಲೈನಿನ ಕರೆಂಟು ತೆಗೆದು ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕೊಡುವುದು, ಮೇಲಿನಿಂದ ಫೋನ್ ಬಂದಾಗ ಫೀಡರ್ ತೆಗೆಯುವುದು, ಅಂದರೆ ಊರುಗಳಿಗೆ ಕರೆಂಟು ಒಯ್ಯುವ ಲೈನು ಬಂದ್ ಮಾಡುವುದು, ಇದು ನನ್ನ ಕೆಲಸವಾಗಿತ್ತು. ಈ ಕೊನೆಯ ಕೆಲಸದ ಬಗ್ಗೆಯೇ ಇವತ್ತು ಮಾತಾಡಬೇಕೆಂದು ಬಂದಿದ್ದೇನೆ.

ಒಂದು ಏಪ್ರಿಲ್ ತಿಂಗಳ ಸಂಜೆ, ಏಳರ ಸುಮಾರು. ಹೊತ್ತು ಮುಳುಗಿದ್ದರೂ ಕಂಟ್ರೋಲ್ ರೂಮಿನ ಗೋಡೆ ಮುಟ್ಟಿದರೆ ಇನ್ನೂ ಬಿಸಿ. ಫೋನ್ ಬಂತು. "ಲೋಡ್ ಜಾಸ್ತಿ ಆಗ್ಯಾದ, ಎರಡು ಫೀಡರ್ ತೆಗೀರಿ." ಬ್ರೇಕರಿನ ಹಿಡಿಕೆ ತಿರುಗಿಸಿದೆ. ಧಡ್ ಎಂದು ಸದ್ದಾಯಿತು, ಆಂಪಿಯರ್ ಮುಳ್ಳು ಸೊನ್ನೆಗೆ ಬಿತ್ತು, ಕಿಟಕಿಯಾಚೆ ಎರಡು ಊರು ಕತ್ತಲಾದವು. ಲಾಗ್ ಪುಸ್ತಕದ ಕಾರಣದ ಕಾಲಮ್ಮಿನಲ್ಲಿ ಎಂದಿನಂತೆ "ಮೇಲಿನ ಆದೇಶ" ಅಂತ ಬರೆದೆ. ಸ್ವಲ್ಪ ಹೊತ್ತಿಗೆ ಪಕ್ಕದ ಅಕ್ಕಿ ಗಿರಣಿಯ ಮೇಸ್ತ್ರಿ ಬೈಕಿನ ಮೇಲೆ ಬಂದ. ಜಗಳಕ್ಕೇ ಬಂದ ಅಂದುಕೊಂಡೆ. ಅವನು ಜಗಳ ತೆಗೆಯಲಿಲ್ಲ. "ಅಣ್ಣಾರ, ಡ್ರೈಯರಿನ್ಯಾಗ ಹಸಿ ಭತ್ತ ಅದ. ನಡುವ ನಿಂತ್ರ ವಾಸನಿ ಹಿಡೀತದ, ಅಕ್ಕಿ ಬಣ್ಣ ಕೆಡತದ. ಒಂದು ತಾಸು ಮೊದಲ ಹೇಳಿದ್ರ ಪಾಲಿಶ್ ಮಷೀನು, ಎಲಿವೇಟರು ಎಲ್ಲಾ ನಾವೇ ಬಂದ್ ಮಾಡ್ತಿದ್ವಿ. ಡ್ರೈಯರ್ ಒಂದು ನಡದಿದ್ರ ಸಾಕಾಗಿತ್ತು" ಅಂದ.

ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಕರೆಂಟಿನ ಲೋಕದಲ್ಲಿ ಈಗ ಬಹಳ ಕೇಳಿಬರುವ ಒಂದು ಮಾತಿದೆ, ಡಿಮ್ಯಾಂಡ್ ರೆಸ್ಪಾನ್ಸ್. ಕನ್ನಡದಲ್ಲಿ ಬೇಡಿಕೆ ಸ್ಪಂದನೆ ಅನ್ನುತ್ತಾರೆ. ವಿದ್ಯುತ್ ಸ್ಥಾವರಗಳನ್ನೂ ಊರುಗಳನ್ನೂ ಕೂಡಿಸಿದ ತಂತಿಜಾಲಕ್ಕೆ, ಅಂದರೆ ಗ್ರಿಡ್ಡಿಗೆ, ಕಷ್ಟ ಬಂದ ಹೊತ್ತಿನಲ್ಲಿ ಬಳಕೆದಾರನಿಗೆ ಮೊದಲೇ ತಿಳಿಸಿ, ಅವನು ಒಪ್ಪಿ ತನ್ನ ಲೋಡು, ಅಂದರೆ ತಾನು ಎಳೆಯುವ ಕರೆಂಟು, ಇಳಿಸಿಕೊಂಡರೆ ಅದಕ್ಕೆ ದುಡ್ಡೋ ರಿಯಾಯಿತಿಯೋ ಕೊಡುವ ಪದ್ಧತಿ. ಮೇಸ್ತ್ರಿ ಆ ಹೆಸರು ಕೇಳಿರಲಿಲ್ಲ, ಆದರೆ ಅವನು ಕೇಳಿದ್ದು ಅದನ್ನೇ.

ಗ್ರಿಡ್ಡಿಗೆ ಕಷ್ಟ ಅಂದರೇನು? ಕೆರೆಗೆ ಬಂದ ನೀರು ನಾಳೆಗೆ ನಿಲ್ಲುತ್ತದೆ, ಕರೆಂಟು ಹಾಗೆ ನಿಲ್ಲುವುದಿಲ್ಲ. ಬ್ಯಾಟರಿಗಳು ಬರುತ್ತಿವೆ, ಆದರೆ ರಾಜ್ಯದ ಬಳಕೆಯ ಮುಂದೆ ಅವು ಇನ್ನೂ ಸಣ್ಣವು. ನಮ್ಮ ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಈ ಕ್ಷಣ ಹುಟ್ಟಿದ ಕರೆಂಟು ಈ ಕ್ಷಣದಲ್ಲೇ ಯಾರದೋ ಮನೆಯ ಫ್ಯಾನಿಗೆ, ಯಾರದೋ ಹೊಲದ ಮೋಟಾರಿಗೆ ಹೋಗಿ ಮುಗಿಯಬೇಕು. ಅಲ್ಲಿನ ಟರ್ಬೈನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಹುಟ್ಟುವುದಕ್ಕಿಂತ ಎಳೆಯುವುದು ಹೆಚ್ಚಾದರೆ, ಏರು ದಾರಿಯಲ್ಲಿ ತುಂಬಿದ ಗಾಡಿಗೆ ಕಟ್ಟಿದ ಎತ್ತಿನ ಹೆಜ್ಜೆ ತಡವಾದಂತೆ, ಆ ಸುತ್ತು ತಗ್ಗುತ್ತದೆ. ಅದನ್ನು ತೋರಿಸುವ ಅಂಕಿಯೇ ಫ್ರೀಕ್ವೆನ್ಸಿ. ಅದು 50 ಹರ್ಟ್ಜ್ ಇರಬೇಕು, 49.90ಕ್ಕಿಂತ ಇಳಿಯಬಾರದು, 50.05ಕ್ಕಿಂತ ಏರಬಾರದು ಎನ್ನುವುದು ಈಗಿನ ಗ್ರಿಡ್ ಸಂಹಿತೆ. 49.4ಕ್ಕೆ ಬಿದ್ದರೆ ಯಾರ ಅಪ್ಪಣೆಯನ್ನೂ ಕಾಯದೆ ರಿಲೇ ಎನ್ನುವ ಸ್ವಯಂಚಾಲಿತ ಸಾಧನಗಳೇ ಫೀಡರುಗಳನ್ನು ಕೀಳತೊಡಗುತ್ತವೆ. ಅದಕ್ಕೂ ನಿಲ್ಲದಿದ್ದರೆ ಒಂದು ಸ್ಥಾವರ ತನ್ನನ್ನು ಉಳಿಸಿಕೊಳ್ಳಲು ಕಳಚಿಕೊಳ್ಳುತ್ತದೆ, ಅದರ ಹೊರೆ ಪಕ್ಕದ್ದರ ಮೇಲೆ ಬೀಳುತ್ತದೆ, ಅದೂ ಕಳಚುತ್ತದೆ.

2012ರ ಜುಲೈ 30ರಂದು ಉತ್ತರದ ಗ್ರಿಡ್ ಹೀಗೆ ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಸುಮಾರು 60 ಕೋಟಿ ಜನರಿರುವ ಪ್ರದೇಶ ಅದು. ರೈಲುಗಳು ಹಳಿಯ ಮೇಲೇ ನಿಂತವು. ನಮಗೆ ಅದರ ಬಿಸಿ ತಟ್ಟಲಿಲ್ಲ, ಯಾಕೆಂದರೆ ಆಗ ದಕ್ಷಿಣದ ಗ್ರಿಡ್ಡಿನ ಮಿಡಿತವೇ ಬೇರೆ ಇತ್ತು. ಅದನ್ನು ದೇಶದ ಮಿಡಿತಕ್ಕೆ ಕೂಡಿಸಿದ್ದು ನಮ್ಮ ಊರಿನ ಲೈನು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಲೈನ್ ಚಾಲೂ ಆದ ಮೇಲೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಫ್ರೀಕ್ವೆನ್ಸಿ ಒಂದೇ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಹೆಚ್ಚು ಎಳೆದರೆ ಒಣಗುವುದು ಮಾನ್ವಿ, ಸಿರವಾರದ ಕೊನೆಭಾಗದ ರೈತರ ಹೊಲ ಮಾತ್ರ. ಗ್ರಿಡ್ಡಿನಲ್ಲಿ ಯಾರೇ ಮಿತಿ ಮೀರಿ ಎಳೆದರೂ ಇಳಿಯುವುದು ಎಲ್ಲರ ಅಂಕಿ. ಆ ಲೈನ್ ಚಾಲೂ ಆದ ಸುದ್ದಿ ಕೇಳಿದಾಗ ನನಗೆ ಹೆಮ್ಮೆಯೂ ಆಯಿತು, ಹೊಣೆ ಹೆಚ್ಚಿತೆಂದೂ ಅನ್ನಿಸಿತು.

ಕಷ್ಟದ ತಾಸುಗಳು ವರ್ಷದಲ್ಲಿ ಬಹಳ ಇರುವುದಿಲ್ಲ. ಹಗಲಿಗೆ ಸೌರ ವಿದ್ಯುತ್ ಧಾರಾಳ. ಹೊತ್ತು ಮುಳುಗಿದ ಕೂಡಲೇ ಅದು ನಿಲ್ಲುತ್ತದೆ, ಅದೇ ಹೊತ್ತಿಗೆ ಮನೆಮನೆಯ ದೀಪ, ಫ್ಯಾನು, ಕೂಲರು ಶುರುವಾಗುತ್ತವೆ. 2024ರ ಬೇಸಿಗೆಯಲ್ಲಿ ಕರ್ನಾಟಕದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಶಕ್ತಿನಗರದ 1720, ಯರಮರಸ್‌ನ 1600, ಬಳ್ಳಾರಿಯ ಕುಡತಿನಿಯ 1700, ನಮ್ಮ ಭಾಗದ ಈ ಮೂರೂ ಸ್ಥಾವರಗಳ ಎಲ್ಲಾ ಘಟಕ ಓಡಿದರೂ 5020 ಮೆಗಾವ್ಯಾಟ್. ಹಾಗಾದರೆ ಇನ್ನೊಂದು ಸ್ಥಾವರ ಕಟ್ಟೋಣ ಅನ್ನಬಹುದು. ವರ್ಷದಲ್ಲಿ ಕೆಲವೇ ತಾಸಿಗಾಗಿ ಕಟ್ಟಿದ ಸ್ಥಾವರ ಉಳಿದ ದಿನ ಸುಮ್ಮನೆ ನಿಂತರೂ ಅದರ ಸ್ಥಿರ ವೆಚ್ಚ ನಮ್ಮ ಬಿಲ್ಲಿಗೇ ಬರುತ್ತದೆ. ಬೂದಿ ನಮ್ಮ ಹೊಲದ ಮೇಲೇ ಕೂರುತ್ತದೆ. ಅದರ ಬದಲು ಗಿರಣಿಯವನಿಗೆ ಒಂದಿಷ್ಟು ಕೊಟ್ಟು ಎರಡು ತಾಸು ಪಾಲಿಶ್ ಮಷೀನು ನಿಲ್ಲಿಸೆಂದು ಕೇಳುವುದು ಎಷ್ಟೋ ಅಗ್ಗ.

ನಿಲ್ಲಿಸಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜನ್ನೇ ನೋಡಿ. ದಪ್ಪ ಗೋಡೆ, ಒಳಗೆ ಚೀಲದ ಮೇಲೆ ಚೀಲ. ಮಧ್ಯಾಹ್ನವೇ ಚೆನ್ನಾಗಿ ತಂಪು ಮಾಡಿಟ್ಟು ಸಂಜೆ ಒಂದು ತಾಸು ಕಂಪ್ರೆಸರ್ ನಿಲ್ಲಿಸಿದರೆ ಒಳಗಿನ ತಂಪು ಹೆಚ್ಚು ಕದಲುವುದಿಲ್ಲ. ಊರಿನ ಕುಡಿಯುವ ನೀರಿನ ಓವರ್‌ಹೆಡ್ ಟ್ಯಾಂಕನ್ನು ಸಂಜೆಯೇ ತುಂಬಬೇಕೆಂದಿಲ್ಲ, ಬಿಸಿಲಿರುವಾಗ ತುಂಬಬಹುದು. ಹತ್ತಿ ಜಿನ್ನಿಂಗಿನಲ್ಲಿ ಹತ್ತಿ ಕಾಯುತ್ತದೆ. ಡ್ರೈಯರಿನೊಳಗಿನ ಭತ್ತ ಮಾತ್ರ ಕಾಯುವುದಿಲ್ಲ. ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎನ್ನುವುದು ಆ ಕೆಲಸ ಮಾಡುವವನಿಗೆ ಗೊತ್ತು. ಸಬ್‌ಸ್ಟೇಷನ್ನಿನಲ್ಲಿ ಕೂತ ನನಗೆ ಗೊತ್ತಿರಲಿಲ್ಲ, ನನಗೆ ಫೋನ್ ಮಾಡಿದವರಿಗಂತೂ ಗೊತ್ತೇ ಇರಲಿಲ್ಲ.

ಇನ್ನು ಕಾನೂನಿನ ಮಾತು. ವಿದ್ಯುತ್ತು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಅಧಿಕಾರ. 2003ರ ವಿದ್ಯುತ್ ಕಾಯ್ದೆಯ 62ನೇ ಕಲಮಿನ ಪ್ರಕಾರ ಯಾವ ಹೊತ್ತಿನಲ್ಲಿ ಬಳಸುತ್ತಾರೆ ಎನ್ನುವುದನ್ನು ನೋಡಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಬೇರೆ ಬೇರೆ ದರ ಇಡಬಹುದು. 2023ರ ಜೂನ್‌ನಲ್ಲಿ ಕೇಂದ್ರ ತಂದ ನಿಯಮ ಇನ್ನೂ ಮುಂದೆ ಹೋಯಿತು. ಬಿಸಿಲಿನ ತಾಸುಗಳ ದರ ಮಾಮೂಲಿ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು, ಗರಿಷ್ಠ ಬೇಡಿಕೆಯ ತಾಸುಗಳಲ್ಲಿ ವ್ಯಾಪಾರ, ಕೈಗಾರಿಕೆಯವರಿಗೆ ಕನಿಷ್ಠ ಶೇ 20, ಉಳಿದವರಿಗೆ ಶೇ 10 ಹೆಚ್ಚು ಇರಬೇಕು ಎಂದಿತು. ಕೃಷಿಯನ್ನು ಅದರಿಂದ ಹೊರಗಿಟ್ಟಿತು.

ಹೊತ್ತಿಗೊಂದು ದರ ಒಳ್ಳೆಯದೇ. ಆದರೆ ಅದು ದಿನದಿನದ ಅಭ್ಯಾಸ ತಿದ್ದುತ್ತದೆ, ಗಂಡಾಂತರದ ಒಂದು ಸಂಜೆಯನ್ನು ದಾಟಿಸುವುದಿಲ್ಲ. ಅದಕ್ಕೆ ಕರಾರು ಬೇಕು. ಎಷ್ಟು ಹೊತ್ತು ಮುಂಚೆ ಹೇಳಬೇಕು, ವರ್ಷಕ್ಕೆ ಎಷ್ಟು ಸಲ ಕೇಳಬಹುದು, ಕೊಡುವುದೆಷ್ಟು, ಒಲ್ಲೆ ಅಂದರೆ ಏನು, ಇವೆಲ್ಲ ಆಯೋಗದ ಆದೇಶದಲ್ಲಿ ಬರಹವಾಗಿ ಇರಬೇಕು. ಇದರಲ್ಲಿ ಕಗ್ಗಂಟು ಅಂದರೆ ಅಳತೆ. ಬಳಸಿದ ಯೂನಿಟ್ಟನ್ನು ಮೀಟರ್ ತೋರಿಸುತ್ತದೆ, ಬಳಸದೆ ಉಳಿಸಿದ ಯೂನಿಟ್ಟನ್ನು ಯಾವ ಮೀಟರೂ ತೋರಿಸುವುದಿಲ್ಲ. ಹಿಂದಿನ ಕೆಲವು ದಿನ ಅದೇ ತಾಸಿನಲ್ಲಿ ಎಷ್ಟು ಎಳೆದಿದ್ದರು ಎನ್ನುವ ಸರಾಸರಿ ಇಟ್ಟುಕೊಂಡು, ಅದಕ್ಕಿಂತ ಎಷ್ಟು ಇಳಿಯಿತು ಅಂತ ಲೆಕ್ಕ ಹಾಕಬೇಕು. ನಾಳೆ ಕರೆ ಬರುತ್ತದೆಂದು ಗೊತ್ತಾದವನು ಇವತ್ತೇ ಎಲ್ಲಾ ಮಷೀನು ಓಡಿಸಿ ಸರಾಸರಿ ಏರಿಸಿಕೊಳ್ಳಬಹುದು. ಭತ್ತದ ಸುಗ್ಗಿಯಲ್ಲಿ ಹಗಲುರಾತ್ರಿ ನಡೆಯುವ ಗಿರಣಿ ಸುಗ್ಗಿ ಮುಗಿದ ಮೇಲೆ ತಾನಾಗಿಯೇ ನಿಂತಿರುತ್ತದೆ, ಅದನ್ನೂ ಉಳಿತಾಯವೆಂದು ತೋರಿಸಬಹುದು. ಈ ಲೆಕ್ಕ ಬಿಗಿಯಾಗಿಲ್ಲದಿದ್ದರೆ ದುಡ್ಡು ಹೋಗುತ್ತದೆ, ಲೋಡು ಇಳಿಯುವುದಿಲ್ಲ.

ಹೊರಗಿನದೊಂದು ಉದಾಹರಣೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2021ರ ಫೆಬ್ರವರಿಯ ಹಿಮಗಾಳಿಗೆ ಸ್ಥಾವರಗಳು ಒಂದರ ಹಿಂದೆ ಒಂದು ನಿಂತವು. ಇನ್ನು 4 ನಿಮಿಷ 37 ಸೆಕೆಂಡು ಹಾಗೇ ಹೋಗಿದ್ದರೆ ಇಡೀ ಗ್ರಿಡ್ ಬೀಳುತ್ತಿತ್ತು. ಮನೆಗಳ ಕರೆಂಟು ಕಿತ್ತು ಅದನ್ನು ಉಳಿಸಿದರು, ಚಳಿಗೆ ನೂರಾರು ಜನ ಸತ್ತರು. 2025ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು: ಹೊಸದಾಗಿ ಬರುವ 75 ಮೆಗಾವ್ಯಾಟ್ ಮತ್ತು ಅದಕ್ಕೂ ದೊಡ್ಡ ಬಳಕೆದಾರರು, ಡೇಟಾ ಸೆಂಟರಿನಂಥವರು, ತುರ್ತಿನಲ್ಲಿ ಲೋಡು ಇಳಿಸಲು ಸಿದ್ಧವಿರಬೇಕು. ದೊಡ್ಡವರಿಂದ ಮೊದಲು ಕೇಳಬೇಕೆನ್ನುವ ಆ ಕ್ರಮ ನನಗೆ ಸರಿ ಕಾಣುತ್ತದೆ.

ಯಾಕೆಂದರೆ ನಮ್ಮಲ್ಲಿ ಇಷ್ಟು ವರ್ಷ ಮೊದಲು ಕೇಳಿದ್ದು, ಕೇಳದೆಯೇ ಪಡೆದದ್ದು, ರೈತನಿಂದ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ನಿಜ. ಆದರೆ ಮೂರು ಫೇಸು ಏಳು ತಾಸು ಮಾತ್ರ, ಅದೂ ಪಾಳಿಯ ಮೇಲೆ. 2023ರ ಬರದಲ್ಲಿ ಏಳು ಐದಾಯಿತು. ನಮ್ಮ ಅಣ್ಣ ರಾತ್ರಿ ಪಾಳಿ ಇದ್ದಾಗ ಸ್ಟಾರ್ಟರ್ ಡಬ್ಬಿಯ ಪಕ್ಕದಲ್ಲೇ ಕಂಬಳಿ ಹಾಸಿ ಮಲಗುತ್ತಿದ್ದ. ಒಂದು ಕೈಯಲ್ಲಿ ಬ್ಯಾಟರಿ, ಒಂದು ಕೈಯಲ್ಲಿ ಕೋಲು. ಹಾವು ತುಳಿದರೆ ಅಂತ ವೈನಿಗೆ ನಿದ್ದೆ ಇರುತ್ತಿರಲಿಲ್ಲ. ಕರೆಂಟು ಬರುವ ಹೊತ್ತು ಗೊತ್ತಿಲ್ಲದ್ದರಿಂದಲೇ ರೈತರು ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ನಾನು ಫೀಡರ್ ಹಾಕಿದ ಕ್ಷಣಕ್ಕೆ ನೂರಾರು ಮೋಟಾರು ಒಟ್ಟಿಗೆ ಎದ್ದು ಆಂಪಿಯರ್ ಮುಳ್ಳು ಪೂರ್ತಿ ಬಲಕ್ಕೆ ಹಾರುತ್ತಿತ್ತು. ಮರುದಿನ ಯಾವುದೋ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟ ಸುದ್ದಿ ಬರುತ್ತಿತ್ತು. ಬೈಸಿಕೊಳ್ಳುತ್ತಿದ್ದವನು ರೈತ. ಹೊತ್ತು ಗೊತ್ತಿದ್ದರೆ, ಅದು ಹಗಲಾಗಿದ್ದರೆ, ಆಟೋ ಸ್ಟಾರ್ಟರ್ ಯಾರಿಗೆ ಬೇಕಿತ್ತು?

ಗ್ರಿಡ್ಡಿನ ಸಲುವಾಗಿ ರೈತ ಬಿಟ್ಟುಕೊಟ್ಟ ತಾಸುಗಳಿಗೂ ಬೆಲೆ ಇದೆ ಎಂದು ಆಯೋಗದ ನಿಯಮದಲ್ಲಿ ಬರಲಿ. ಪಂಪ್‌ಸೆಟ್ಟುಗಳಿಗೆ ಬಹುಪಾಲು ಮೀಟರಿಲ್ಲ, ಹೇಗೆ ಅಳೆಯುವುದು ಅಂತ ಕೇಳುತ್ತಾರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಹೊಲದ ಫೀಡರ್ ಬೇರೆ ಮಾಡಿದ್ದೇವೆ. ಹೊಲದ ಫೀಡರಿನ ಮೀಟರು ಸಬ್‌ಸ್ಟೇಷನ್ನಿನಲ್ಲೇ ಇದೆ, ಅದನ್ನು ನಾನೇ ಓದುತ್ತಿದ್ದೆ. ಫೀಡರಿಗೆ ಲೆಕ್ಕ ಹಾಕಿ, ಆ ಫೀಡರಿನ ರೈತರಿಗೆ ಹಂಚಬಹುದು. ಹಿಂದಿನ ದಿನವೇ ಮೊಬೈಲಿಗೆ ಹೊತ್ತು ತಿಳಿಸಬಹುದು. ದರ ಪರಿಷ್ಕರಣೆಯ ಮುಂಚೆ ಆಯೋಗ ಸಾರ್ವಜನಿಕ ವಿಚಾರಣೆ ಮಾಡುತ್ತದೆ, ಯಾವ ಬಳಕೆದಾರನೂ ಅಲ್ಲಿ ಆಕ್ಷೇಪಣೆ ಬರೆದು ಕೊಡಬಹುದು, ಎದ್ದು ನಿಂತು ಮಾತಾಡಬಹುದು. ಈ ಸಲ ದರದ ಜೊತೆಗೆ ಈ ಮಾತನ್ನೂ ದಯವಿಟ್ಟು ಎತ್ತಿರಿ.

ಆ ಸಂಜೆಯ ಮೇಸ್ತ್ರಿ ಎರಡು ದಿನ ಬಿಟ್ಟು ಮತ್ತೆ ಬಂದಿದ್ದ. ಭತ್ತದ ಚೀಲಕ್ಕೆ ಕಟ್ಟುವ ಚೀಟಿಯ ಹಿಂಭಾಗದಲ್ಲಿ ಬರೆದು ತಂದಿದ್ದ: ಡ್ರೈಯರ್ ತುಂಬೋದು ಮುಂಜಾನೆ 11, ಇಳಿಸೋದು ರಾತ್ರಿ 8. ಪಾಲಿಶ್ ಯಾವಾಗ ಬೇಕಾದರೂ ಬಂದ್. ಕೆಳಗೆ ಫೋನ್ ನಂಬರು. "ಇಟಗೋರಿ ಅಣ್ಣಾರ, ಬೇಕಾಗ್ತದ" ಅಂದ. ಲಾಗ್ ಪುಸ್ತಕದಲ್ಲಿ ಇಟ್ಟೆ. ಆ ಚೀಟಿಯಂತೆ ನಡೆಯಲು ನನಗೆ ಯಾವ ನಿಯಮವೂ ಇರಲಿಲ್ಲ. ನಿವೃತ್ತನಾಗಿ ಚಾರ್ಜ್ ಕೊಡುವ ದಿನ ಅದನ್ನು ಮುಂದಿನ ಪಾಳಿಯ ಹುಡುಗನ ಕೈಗೆ ಕೊಟ್ಟು ಬಂದೆ.

ನಮಸ್ಕಾರ.