ಎಡಗೈ ಅಣು, ಬಲಗೈ ಅಣು

ಕೇಳುಗರೆಲ್ಲರಿಗೂ ನಮಸ್ಕಾರ.

ಎಡಗೈಯ ಕೈಗವಸನ್ನು ಬಲಗೈಗೆ ಹಾಕಿ ನೋಡಿ. ಐದು ಬೆರಳೂ ಇವೆ, ಅಳತೆಯೂ ಅದೇ, ಆದರೂ ಕೂರುವುದಿಲ್ಲ. ಅಣುಗಳಲ್ಲೂ ಇಂಥ ಜೋಡಿಗಳಿವೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಇವುಗಳಿಗೆ ಕೈರಲ್ ಅಣುಗಳೆಂದು ಹೆಸರು. ಗ್ರೀಕ್ ಭಾಷೆಯಲ್ಲಿ ಕೈ ಎನ್ನುವುದಕ್ಕಿರುವ ಪದದಿಂದ ಹುಟ್ಟಿದ ಮಾತು ಅದು. ನಮ್ಮ ಕನ್ನಡದ ‘ಕೈ’ಗೂ ಅದಕ್ಕೂ ನಂಟಿಲ್ಲ, ಆದರೆ ನೆನಪಿಟ್ಟುಕೊಳ್ಳಲು ನಮಗಿಂತ ಅನುಕೂಲ ಯಾರಿಗಿದೆ!

ಈ ಜೋಡಿಯ ತೂಕ ಒಂದೇ, ಕರಗುವ ಉಷ್ಣತೆಯೂ ಒಂದೇ. ದೇಹಕ್ಕೆ ಮಾತ್ರ ಅವು ಬೇರೆ ಬೇರೆ. ವಿಲ್ಸನ್ ಕಾಯಿಲೆಯಲ್ಲಿ ಮೈಯಲ್ಲಿ ಸೇರಿಕೊಂಡ ತಾಮ್ರವನ್ನು ಹೊರಹಾಕಲು ಪೆನಿಸಿಲಮೈನ್ ಕೊಡುತ್ತಾರೆ. ಅದರ ಒಂದು ರೂಪ ಔಷಧ, ಕನ್ನಡಿ ರೂಪ ವಿಷಕಾರಿ. ಹಾಗಾಗಿ ಎರಡನ್ನೂ ಬೇರ್ಪಡಿಸಿ ಅಳೆಯಲೇಬೇಕು. 1848ರಲ್ಲಿ ಲೂಯಿ ಪಾಸ್ಚರ್ ಟಾರ್ಟರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಚಿಮಟದಿಂದ ಒಂದೊಂದಾಗಿ ಆರಿಸಿ ಈ ಕೆಲಸ ಮಾಡಿದರು. ಇಂದು ಆ ಚಿಮಟದ ಜಾಗದಲ್ಲಿ, ಮಿಶ್ರಣವನ್ನು ಹರಿಸಿ ಅದರ ಭಾಗಗಳನ್ನು ಬೇರ್ಪಡಿಸುವ ಕ್ರೊಮಟೊಗ್ರಫಿ ಕಾಲಂ ಇದೆ.

ನೋಡಲು ಅದೊಂದು ಗೇಣುದ್ದದ ಉಕ್ಕಿನ ಕೊಳವೆ. ಸಾಮಾನ್ಯವಾಗಿ 25 ಸೆಂಟಿಮೀಟರ್ ಉದ್ದ, 4.6 ಮಿಲಿಮೀಟರ್ ಒಳವ್ಯಾಸ. ಒಳಗೆ ಸಿಲಿಕಾದ ಸೂಕ್ಷ್ಮ ಕಣಗಳು, ಅವುಗಳ ಮೇಲೆ ಸಸ್ಯದ ನಾರಿನಲ್ಲಿರುವ ಸೆಲ್ಯುಲೋಸ್ ಅಥವಾ ಪಿಷ್ಟದಲ್ಲಿರುವ ಅಮೈಲೋಸಿನಿಂದ ತಯಾರಿಸಿದ ಲೇಪ. ಈ ಲೇಪವೇ ಕೈರಲ್. ದ್ರಾವಕದ ಜೊತೆ ಹರಿದು ಬರುವ ಜೋಡಿಯಲ್ಲಿ ಒಂದು ಅದಕ್ಕೆ ಹೆಚ್ಚು ಅಂಟಿಕೊಂಡು ತಡವಾಗುತ್ತದೆ, ಇನ್ನೊಂದು ಮುಂದೆ ಸಾಗುತ್ತದೆ. ಸೆಲ್ಯುಲೋಸಿನ ಈ ದಾರಿಯನ್ನು ಬೆಳೆಸಿದವರಲ್ಲಿ ಜಪಾನಿನ ಯೋಶಿಯೋ ಒಕಾಮೊಟೊ ಪ್ರಮುಖರು. ಅಮೆರಿಕದ ಡೇನಿಯಲ್ ಆರ್ಮ್‌ಸ್ಟ್ರಾಂಗ್ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನೇ ಕಣಗಳಿಗೆ ಕಟ್ಟಿ ಇದೇ ಕೆಲಸಕ್ಕೆ ಹಚ್ಚಿದರು.

ಇಷ್ಟೆಲ್ಲ ಇದ್ದರೂ, ಅಣುವಿನ ಚಿತ್ರ ನೋಡಿ ‘ಇದಕ್ಕೆ ಈ ಕಾಲಂ’ ಎಂದು ಖಚಿತವಾಗಿ ಹೇಳುವುದು ಪಳಗಿದವರಿಗೂ ಕಷ್ಟ. ಹಾಕಿಯೇ ನೋಡಬೇಕು. ಆದ್ದರಿಂದ ನಮ್ಮ ಲ್ಯಾಬಿಗೆ ಕಾಲಂ ಪೂರೈಸುವವರಲ್ಲಿ ನಾನು ಬೆಲೆಪಟ್ಟಿಗಿಂತ ಮೊದಲು ಕೇಳುವುದು ಒಂದೇ: ನಮ್ಮ ಸ್ಯಾಂಪಲನ್ನು ನಾಲ್ಕಾರು ಕಾಲಂಗಳಲ್ಲಿ ಓಡಿಸಿ, ಬಂದ ಗ್ರಾಫ್ ತೋರಿಸುತ್ತೀರಾ? ಬೇರ್ಪಡದಿದ್ದರೆ ಆಗಲಿಲ್ಲವೆಂದು ಹೇಳುತ್ತೀರಾ? ಹಾಗೆ ಹೇಳುವವರನ್ನು ನಾನು ಬಿಟ್ಟುಕೊಡುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ಕಾಲಂ ಕೆಡಿಸಿದ್ದೆ. ಬೆಳಿಗ್ಗೆ ಗ್ರಾಫಿನಲ್ಲಿ ಎರಡು ಪೀಕ್‌ಗಳು, ಅಂದರೆ ಜೋಡಿಯ ಒಂದೊಂದು ರೂಪಕ್ಕೆ ಒಂದೊಂದು ಶಿಖರ, ನಡುವೆ ಜಾಗ ಬಿಟ್ಟು ಚೂಪಾಗಿ ಎದ್ದಿದ್ದವು. ಸಂಜೆಯ ಹೊತ್ತಿಗೆ ಒಂದರೊಳಗೊಂದು ಕರಗಿ ಗುಡ್ಡದಂತಾದವು. ಗಾಬರಿಯಿಂದ ಪೂರೈಕೆದಾರರಿಗೆ ಫೋನ್ ಮಾಡಿದೆ. ಅಲ್ಲಿನ ಹಿರಿಯರು ನನ್ನ ಮಾತನ್ನು ಪೂರ್ತಿ ಕೇಳಿ, ‘ಈ ಮೆಷಿನ್‌ನಲ್ಲಿ ನಿನ್ನೆ ಏನು ಓಡಿಸಿದ್ರಿ?’ ಎಂದರು. ಟೆಟ್ರಾಹೈಡ್ರೊಫ್ಯೂರಾನ್! ಪಂಪಿನ ನಳಿಕೆಯಲ್ಲಿ ಉಳಿದಿದ್ದ ಅಷ್ಟಿಷ್ಟು ದ್ರಾವಕ ಲೇಪವನ್ನೇ ಹಾಳುಮಾಡಿತ್ತು. ಲೇಪವನ್ನು ಕಣಕ್ಕೆ ರಾಸಾಯನಿಕವಾಗಿ ಬಿಗಿದ ಕಾಲಂಗಳೂ ಸಿಗುತ್ತವೆ, ಅವು ಇಂಥ ದ್ರಾವಕಗಳನ್ನು ತಡೆದುಕೊಳ್ಳುತ್ತವೆ ಎಂದು ಅವರೇ ತಿಳಿಸಿದರು. ‘ಆದರೆ ನಿಮ್ಮ ಅಣುವನ್ನು ಹಳೆಯ ಬಗೆಯ ಕಾಲಂ‌ಮೇ ಚೆನ್ನಾಗಿ ಬೇರ್ಪಡಿಸುತ್ತೆ, ಅದನ್ನೇ ತಗೊಳ್ಳಿ, ಜೋಪಾನವಾಗಿ ಬಳಸಿ’ ಎಂದೂ ಸೇರಿಸಿದರು.

ಅಂದಿನಿಂದ ನಮ್ಮ ಪ್ರತಿ ಕಾಲಂಗೂ ಒಂದು ಚೀಟಿ ಕಟ್ಟಿರುತ್ತೇವೆ: ಕೊನೆಗೆ ಹರಿಸಿದ ದ್ರಾವಕ ಯಾವುದು, ಯಾವ ದಿನ, ಯಾರು. ಅದನ್ನು ಓದದೆ ಯಾರೂ ಪಂಪ್ ಚಾಲೂ ಮಾಡುವುದಿಲ್ಲ.

ನಮಸ್ಕಾರ.