ಸಳ ಇರಲಿಲ್ಲ ಎಂದರೆ ಯಾರು ಇರಲಿಲ್ಲ?

ಕೇಳುಗರಿಗೆ ನಮಸ್ಕಾರ. ಬೇಲೂರಿನ ದೇಗುಲದಲ್ಲಿ ಮೃಗದೊಡನೆ ಕಾದಾಡುವ ಸಳನನ್ನು ನೀವೆಲ್ಲ ನೋಡಿದ್ದೀರಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಳೆಯ ಸೊಸೆವೂರಿನಲ್ಲಿ, ಜೈನಮುನಿ ‘ಪೊಯ್ ಸಳ’, ಅಂದರೆ ‘ಹೊಡೆ, ಸಳ’ ಎಂದರು, ಅವನು ಹುಲಿಯನ್ನು ಹೊಡೆದ, ಹೊಯ್ಸಳ ವಂಶಕ್ಕೆ ಹೆಸರು ಬಂತು. ಇದು ಐತಿಹ್ಯ. ಸಳ ಇರಲೇ ಇಲ್ಲ ಎನ್ನುವವರೂ ಇದ್ದಾರೆ.

ಆ ಮಾತಿನಲ್ಲೊಂದು ತೊಡಕಿದೆ. ‘ಸಳ ಹೇಡಿಯಲ್ಲ’ ಎಂದರೆ ಸಳನಲ್ಲಿ ಹೇಡಿತನವಿಲ್ಲ. ‘ಸಳ ಇರಲಿಲ್ಲ’ ಎನ್ನುವುದೂ ಹಾಗೆಯೇ ಆದರೆ, ಇರವೆಂಬ ಗುಣವೊಂದನ್ನು ಬಿಟ್ಟು ಸಳ ಎಲ್ಲೋ ನಿಂತಿರಬೇಕಾಗುತ್ತದೆ! ಕನ್ನಡ ಒಂದಕ್ಕೆ ‘ಅಲ್ಲ’, ಇನ್ನೊಂದಕ್ಕೆ ‘ಇಲ್ಲ’ ಎಂದು ಬೇರೆ ಬೇರೆ ಪದ ಇಟ್ಟುಕೊಂಡಿರುವುದು ಒಳ್ಳೆಯ ಸುಳಿವು. ಆದರೆ ವ್ಯಾಕರಣವೇ ಸಾಕ್ಷಿಯಾಗದು.

ಇರವು ಗುಣವೇ ಎಂದು ಬೇರೆ ಕಡೆ ಪರೀಕ್ಷಿಸೋಣ. ಕಾಫಿ ಕೊಳ್ಳುವವರೊಬ್ಬರು ಚೀಟಿ ಬರೆಯುತ್ತಾರೆ: ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ತೆಗೆಯದ ಕಾಫಿ ಬೀಜ), 50 ಕೆಜಿಯ 10 ಮೂಟೆ. ‘ಚೆನ್ನಾಗಿ ಒಣಗಿದ್ದು’ ಎಂದು ಸೇರಿಸಿದರೆ ಗೋದಾಮಿನ ಕೆಲವು ಮೂಟೆ ಪಕ್ಕಕ್ಕೆ ಸರಿಯುತ್ತವೆ. ‘ಇರುವಂಥದ್ದು’ ಎಂದು ಸೇರಿಸಿದರೆ ಒಂದೂ ಸರಿಯದು. 1781ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ನೂರು ಥೇಲರ್ ನಾಣ್ಯಗಳ ಉದಾಹರಣೆಯಿಂದ ತೋರಿಸಿದ್ದು ಇದನ್ನೇ. 1884ರಲ್ಲಿ ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆ ಇನ್ನೂ ಬಿಗಿಯಾಗಿ ಹೇಳಿದ: ಇರವನ್ನು ಹೇಳುವುದೆಂದರೆ ಸೊನ್ನೆಯನ್ನು ನಿರಾಕರಿಸುವುದು. ‘ಒಣಗಿದ ಮೂಟೆ ಇದೆ’ ಎಂಬುದು ಯಾವ ಮೂಟೆಯ ಗುಣವೂ ಅಲ್ಲ. ‘ಒಣಗಿದ ಮೂಟೆ’ ಎಂಬ ಪರಿಕಲ್ಪನೆಯ ಲೆಕ್ಕ ಸೊನ್ನೆಯಲ್ಲ, ಅಷ್ಟೆ.

ನಮ್ಮ ನೈಯಾಯಿಕರ, ಅಂದರೆ ನ್ಯಾಯದರ್ಶನದ ತಾರ್ಕಿಕರ, ದಾರಿಯೂ ದೂರದ್ದಲ್ಲ. ‘ಮೊಲದ ಕೊಂಬು ಇಲ್ಲ’ ಎಂಬ ಮಾತನ್ನೇ ನೋಡಿ. ಮೊಲ ನಿಜ, ಕೊಂಬೂ ನಿಜ, ದನದ ತಲೆ ಮೇಲಿದೆ. ಇಲ್ಲದ್ದು ಮೊಲದಲ್ಲಿ ಕೊಂಬು.

ಸಳ ಎಂಬ ಒಂಟಿ ಹೆಸರನ್ನು ಹೀಗೆ ಒಡೆಯುವುದು ಹೇಗೆ? ಬ್ರಿಟಿಷ್ ತತ್ವಜ್ಞಾನಿ ರಸೆಲ್ 1905ರಲ್ಲಿ ತೋರಿಸಿದ ಕ್ರಮ ಇದು. ಹೆಸರಿನ ಜಾಗದಲ್ಲಿ ವರ್ಣನೆ ಇಡಿ: ಸೊಸೆವೂರಿನಲ್ಲಿ ಹುಲಿ ಕೊಂದ ಹೊಯ್ಸಳ ಮೂಲಪುರುಷ. ಅದಕ್ಕೆ ಹೊಂದುವವನು ಒಬ್ಬನಾದರೂ ಇದ್ದ, ಒಬ್ಬನಿಗಿಂತ ಹೆಚ್ಚಿರಲಿಲ್ಲ ಎಂದು ಬಿಡಿಸಿ. ಕೊನೆಗೆ ‘ಇಲ್ಲ’ವನ್ನು ಇಡೀ ವಾಕ್ಯದ ಹೊರಗೆ ಹಾಕಿ. ಒಳಗೆ ಹಾಕಿದಿರೋ, ‘ಅಂಥವನೊಬ್ಬನಿದ್ದ, ಅವನು ಇರಲಿಲ್ಲ’ ಎಂದಾಗಿ ಇಲ್ಲದ ಮನುಷ್ಯ ಮತ್ತೆ ಎದ್ದು ಬರುತ್ತಾನೆ.

ಚೊಕ್ಕಟವಾಗಿದೆ, ಆದರೆ ಸೋರುತ್ತದೆ. ಸಳನೆಂಬ ಪಾಳೆಯಗಾರನೊಬ್ಬ ನಿಜವಾಗಿ ಬಾಳಿದ್ದ, ಹುಲಿಯ ಕಥೆ ಮಾತ್ರ ಆಮೇಲೆ ಹುಟ್ಟಿತು ಎನ್ನಿ. ವರ್ಣನೆಗೆ ಯಾರೂ ಹೊಂದುವುದಿಲ್ಲ, ರಸೆಲ್ ಲೆಕ್ಕ ಸೊನ್ನೆ. ಸಳ ಮಾತ್ರ ಇದ್ದ! 1970ರ ಉಪನ್ಯಾಸಗಳಲ್ಲಿ ಅಮೆರಿಕದ ತತ್ವಜ್ಞಾನಿ ಕ್ರಿಪ್ಕಿ ಎತ್ತಿದ ಆಕ್ಷೇಪ ಈ ಬಗೆಯದು. 1974ರಲ್ಲಿ ಇನ್ನೊಬ್ಬ ಅಮೆರಿಕನ್ ತತ್ವಜ್ಞಾನಿ ಡಾನೆಲನ್, ವರ್ಣನೆಯನ್ನು ಬಿಟ್ಟು ಹೆಸರಿನ ಜಾಡು ಹಿಡಿಯಿರಿ ಎಂದ. ಬಾಯಿಂದ ಬಾಯಿಗೆ ಹಿಂದಕ್ಕೆ ಹೋದಾಗ ಜಾಡು ಮನುಷ್ಯನನ್ನು ಮುಟ್ಟದೆ ಕಟ್ಟುಕಥೆಯಲ್ಲೇ ನಿಂತರೆ ‘ಇರಲಿಲ್ಲ’ ಎಂಬುದು ನಿಜ. ನನಗೆ ಇದೇ ಹೆಚ್ಚು ಒಪ್ಪಿಗೆ. ವಿಷ್ಣುವರ್ಧನನ 1117ರ ಬೇಲೂರು ಶಾಸನದವರೆಗೆ ಸಳನ ಜಾಡು ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗುವ ಕೆಲಸ ತಾರ್ಕಿಕರದಲ್ಲ, ಶಾಸನ ಓದುವವರದು.